ಕಣ್ಣಿಗಿಳಿದ ಸೀಸ

ನಿಂಗಮ್ಮನ ಹಾಲಿಗೆ ನೀರು ಬೆರೆತಿದೆ ಎಂದು ನಾನು ಹೇಳಿಬಿಟ್ಟ ಆ ಬೆಳಿಗ್ಗೆಯಿಂದಲೇ ಇದನ್ನು ಶುರು ಮಾಡಬೇಕು.

ಬೂಕನಕೆರೆಯ ಹತ್ತಿರದ ನಮ್ಮೂರ ಡೈರಿಯಲ್ಲಿ ನಾನು ಹನ್ನೊಂದು ವರ್ಷದಿಂದ ಟೆಸ್ಟರ್. ಬೆಳಿಗ್ಗೆ, ಸಂಜೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಅದು ಎಷ್ಟು ಮುಳುಗಿತು ಎಂದು ಗಾಜಿನ ಕಡ್ಡಿಯ ಮೇಲಿನ ಗೆರೆ ನೋಡಿ ಹೇಳುವುದು ನನ್ನ ಕೆಲಸ. ಗೆರೆ ಇಪ್ಪತ್ತಾರಕ್ಕಿಂತ ಕೆಳಗಿದ್ದರೆ ನೀರು ಬೆರೆತಿದೆ ಎಂದು ಅನುಮಾನ. ನನ್ನ ಮಾತಿಗೆ ಊರಿನಲ್ಲಿ ಯಾರೂ ಎದುರು ಹೇಳಿದ್ದಿಲ್ಲ.

ಅವತ್ತು ನಾನು ಇಪ್ಪತ್ತಮೂರು ಎಂದೆ. ನಿಂಗಮ್ಮ ಬಗ್ಗಿ ನೋಡಿದಳು. ಹಿಂದೆ ನಿಂತಿದ್ದವರನ್ನೂ ಕರೆದು ತೋರಿಸಿದಳು.

ಇಪ್ಪತ್ತೆಂಟು ಇತ್ತು.

"ನನ್ ಹಾಲ್ಗೆ ನೀರಾ ಜಯಮ್ಮ? ನೀರು ನಿನ್ ಕಣ್ಗೆ ಬಿದ್ದದೆ ಕಣವ್ವ. ವಸಿ ತೋರಿಸ್ಕೋ ಓಗು!"

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮೂರು ಎಂಟಾಗಿ, ಎಂಟು ಮೂರಾಗಿ ಕಾಣುವುದು ಅಂದೇ ಮೊದಲಾಗಿರಲಿಲ್ಲ. ತಿಂಗಳಿಂದ ನಾನು ಅಂದಾಜಿನ ಮೇಲೆ ಓದುತ್ತಿದ್ದೆ. ಯಾರ ಹಸು ಎಂಥ ಹಾಲು ಕೊಡುತ್ತದೆ ಎಂದು ಗೊತ್ತಿದ್ದುದರಿಂದ ಅಂದಾಜು ಅಷ್ಟಾಗಿ ತಪ್ಪುತ್ತಿರಲಿಲ್ಲ, ಅಷ್ಟೆ.

ಕೆ.ಆರ್. ಪೇಟೆಯಲ್ಲಿ ಕನ್ನಡಕ ಮಾಡಿಸಿಕೊಂಡೆ. ನಲವತ್ತೈದಾಯಿತಲ್ಲ, ಚಾಳೀಸು ಎಂದರು ಅಂಗಡಿಯವರು. ಕನ್ನಡಕ ಚೆನ್ನಾಗಿತ್ತು. ಹಾಕಿಕೊಂಡರೆ ಹೈಸ್ಕೂಲ್ ಮೇಡಂ ಥರ ಕಾಣುತ್ತೇನೆ ಎಂದು ನಮ್ಮ ಮನೆಯವರು ಹೇಳಿದರು. ಅಕ್ಷರ ಮಾತ್ರ ಮೊದಲಿನಷ್ಟೇ ಮಸುಕು. ನೋಡಬೇಕು ಎಂದುಕೊಂಡ ಜಾಗದ ನಟ್ಟನಡುವೆಯೇ ಹೊಗೆ ಕೂತ ಹಾಗೆ. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕಾದದ್ದು ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ.

ಆಮೇಲೆ ಬಣ್ಣ ಹೋಗತೊಡಗಿತು. ಕುಂಕುಮ ಕಾಚಿನ ಪುಡಿಯ ಹಾಗೆ ಕಂಡಿತು. ಒಂದು ದಿನ ಅತ್ತೆಗೆ, "ಏನತ್ತೆ, ಈ ಕಂದು ಸೀರೆ ಯಾವಾಗ ತಗೊಂಡ್ರಿ?" ಎಂದೆ. ಅದು ನನ್ನ ಮದುವೆಯಲ್ಲಿ ನಮ್ಮ ಅಮ್ಮ ಅವರಿಗೆ ಕೊಟ್ಟಿದ್ದ ಕೆಂಪು ರೇಷ್ಮೆ ಸೀರೆ. ಅತ್ತೆ ಮಗನನ್ನು ಕರೆದು, "ಲೋ ಮರಿಗೌಡ, ಇವಳ್ನ ನಾಳೀಕೇ ಮೈಸೂರ್ಗೆ ಕರ್ಕೊಂಡೋಗ್ಲಾ" ಎಂದರು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಮಾತು ಮೆದು, ಪರೀಕ್ಷೆ ಬಿಗಿ. ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದು, ಚುಕ್ಕೆಗಳ ನಡುವೆ ಯಾವ ನಂಬರ್ ಕಾಣುತ್ತದೆ ಎಂದು ಕೇಳಿದರು. ನನಗೆ ಒಂದು ನಂಬರೂ ಕಾಣಲಿಲ್ಲ. ಹಿಂದೆ ನಿಂತಿದ್ದ ನಮ್ಮ ಮನೆಯವರು ಹನ್ನೆರಡು, ಎಂಟು, ಇಪ್ಪತ್ತೊಂಬತ್ತು ಎಂದು ಒಂದೊಂದಾಗಿ ಹೇಳುತ್ತಾ ಹೋದರು. "ನಿಮಗಲ್ಲ ಸಾರ್ ಪರೀಕ್ಷೆ" ಎಂದು ಮೇಡಂ ನಕ್ಕು ಅವರನ್ನು ಹೊರಗೆ ಕಳಿಸಿದರು. ಕಣ್ಣಿಗೆ ಎಷ್ಟು ಅಗಲ ಕಾಣುತ್ತದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಆಯಿತು. ಎಂಆರ್‌ಐ ಆಯಿತು. ಸಕ್ಕರೆ, ಬಿ-12, ಥೈರಾಯ್ಡ್ ಎಲ್ಲ ಆಯಿತು.

"ಕಣ್ಣಿನ ಗುಡ್ಡೆಯಲ್ಲಿ ತೊಂದರೆ ಇಲ್ಲ ಅಮ್ಮ" ಎಂದರು. "ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸೊರಗುತ್ತಿದೆ. ಆಪ್ಟಿಕ್ ನರ್ವ್. ಎರಡೂ ಕಡೆ. ಯಾಕೆ ಅಂತ ನಾವು ಹುಡುಕಬೇಕು. ಬೇಗ ಹುಡುಕಬೇಕು."

ಹೊರಗಿದ್ದ ನಮ್ಮ ಮನೆಯವರನ್ನು ಒಳಗೆ ಕರೆದೆ.

ಕಾರಣ ಹುಡುಕಿದವರು ಫಿಜಿಷಿಯನ್. ನಡುವಯಸ್ಸಿನ, ಸದಾ ಅವಸರದಲ್ಲಿರುವ ಡಾಕ್ಟರ್. ನನಗೆ ಆರು ತಿಂಗಳಿಂದ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಏಣಿ ಹತ್ತಿದರೆ ಏದುಸಿರು. ಇವೆಲ್ಲ ವಯಸ್ಸಿನದು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅವರು ಕೇಳಿದ್ದಕ್ಕೆ ಹೇಳಿದೆ. ಅವರು ಟಾರ್ಚ್ ಹಾಕಿ ಬಾಯಿ ತೆರೆಸಿದರು. ವಸಡಿನ ಅಂಚು ನೋಡಿ, ಪಕ್ಕದಲ್ಲಿದ್ದ ಕಿರಿಯ ಡಾಕ್ಟರುಗಳನ್ನೆಲ್ಲ ಕರೆದರು. ಆರು ಜನ ಸಾಲಾಗಿ ನನ್ನ ಬಾಯಿಯೊಳಗೆ ಇಣುಕಿದರು. ವಸಡಿನ ಮೇಲೆ ನೀಲಿ ಕಪ್ಪಿನ ಸಣ್ಣ ಗೆರೆ ಇತ್ತಂತೆ. ಅವರೆಲ್ಲ ಎಷ್ಟು ಸಂತೋಷಪಟ್ಟರೆಂದರೆ ನನಗೂ ಏನೋ ಸಾಧಿಸಿದ ಹಾಗೆ ಅನಿಸಿತು.

ರಕ್ತ ಬೆಂಗಳೂರಿಗೆ ಹೋಯಿತು. ಐದನೆಯ ದಿನ ಫೋನ್ ಬಂತು.

ನನ್ನ ರಕ್ತದಲ್ಲಿ ಸೀಸ ಇತ್ತು. ಇರಬಾರದಷ್ಟು.

ಡಾಕ್ಟರ್ ಬಿಡಿಸಿ ಹೇಳಿದರು. ಸೀಸ ಸೇರಿದ ಮೈಯಿಂದ ಅದನ್ನು ಹೊರಗೆ ತೆಗೆಯುವ ಔಷಧಿ ಇದೆ. ಅದಕ್ಕೆ ಕೀಲೇಟಿಂಗ್ ಏಜೆಂಟ್ ಎನ್ನುತ್ತಾರೆ. ಆ ಹೆಸರು ಬಂದದ್ದು ಏಡಿಯ ಕೊಂಡಿಯಿಂದಂತೆ. ಏಡಿ ಹಿಡಿದ ಹಾಗೆ ಲೋಹವನ್ನು ಎರಡೂ ಕಡೆಯಿಂದ ಹಿಡಿದು ಮೂತ್ರದಲ್ಲಿ ಹೊರಗೆ ಒಯ್ಯುತ್ತದೆ.

ನಮ್ಮ ಮನೆಯವರು ಗದ್ದೆಯಲ್ಲಿ ಹುಟ್ಟಿ ಬೆಳೆದವರು. ಅವರಿಗೆ ಅಷ್ಟು ಸಾಕಾಯಿತು. "ಅಂಗಾರೆ ದಿನಾ ಏಡಿ ಸಾರು ಮಾಡಾಕಿದ್ರೆ ಆಗಾಕಿಲ್ವಾ ಡಾಕ್ಟ್ರೇ?"

ಅವಸರದ ಡಾಕ್ಟರ್ ಪೆನ್ನು ಕೆಳಗಿಟ್ಟು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದ ಮಾತು ನಗುವಂಥದ್ದಲ್ಲ. "ಸೀಸ ಎಲ್ಲಿಂದ ಬರ್ತಿದೆ ಅಂತ ಮೊದಲು ಗೊತ್ತಾಗಬೇಕು. ಅದು ಒಳಗೆ ಹೋಗ್ತಾನೇ ಇದ್ದರೆ ಔಷಧಿಯಿಂದ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಮನೆಗೆ ಹೋಗಿ ಹುಡುಕಿ. ಮನೆಯವರೆಲ್ಲರ ರಕ್ತವನ್ನೂ ಕೊಡಿ."

ಹುಡುಕಿದೆವು. ಹಳೆ ಬ್ಯಾಟರಿ ಎಲ್ಲಿದೆ, ಬಾಗಿಲಿನ ಬಣ್ಣ ಉದುರುತ್ತಿದೆಯೇ, ನಾಟಿ ಔಷಧಿ ತಿನ್ನುತ್ತೀರಾ, ಕಾಡಿಗೆ ಯಾವುದು ಎಂದು ಡಾಕ್ಟರ್ ಬರೆದುಕೊಟ್ಟ ಪಟ್ಟಿ ಹಿಡಿದು ನಮ್ಮ ಮನೆಯವರು ಪೊಲೀಸಿನವರ ಹಾಗೆ ಮನೆಯೆಲ್ಲ ಸುತ್ತಿದರು. ಏನೂ ಸಿಗಲಿಲ್ಲ. ಅತ್ತೆಯ ರಕ್ತ ಸರಿಯಾಗಿತ್ತು. ನಮ್ಮ ಮನೆಯವರದೂ ಸರಿಯಾಗಿತ್ತು. ಒಂದೇ ಸಾರು ಉಣ್ಣುವ, ಒಂದೇ ಬೋರಿನ ನೀರು ಕುಡಿಯುವ ಮೂವರಲ್ಲಿ ನನಗೊಬ್ಬಳಿಗೇ ಏಕೆ?

"ಇವಳು ಒಬ್ಳೇ ಏನ್ ಕುಡೀತಾಳೆ ಯೋಚ್ನೆ ಮಾಡ್ಲಾ" ಎಂದರು ಅತ್ತೆ, ಅವರೆಕಾಯಿ ಸುಲಿಯುತ್ತಾ.

ಅಡುಗೆಮನೆಯ ಗೂಡಿನಲ್ಲಿ ಹಿತ್ತಾಳೆ ಚೊಂಬು ಇತ್ತು.

ಅದರ ಕಥೆ ಹೇಳಲು ನನಗೆ ಇವತ್ತಿಗೂ ಸ್ವಲ್ಪ ನಾಚಿಕೆ. ನಮ್ಮ ತವರು ನಾಗಮಂಗಲದ ಕಡೆ. ಚೊಂಬು ನಮ್ಮಜ್ಜಿಯದು. ಫೋನಿನಲ್ಲಿ ನೋಡಿದ ವಿಡಿಯೋ ಒಂದರಲ್ಲಿ ಯಾರೋ ಹೆಂಗಸು, ಹಳೇ ಕಾಲದ ಲೋಹದ ಪಾತ್ರೆಯಲ್ಲಿ ರಾತ್ರಿ ನಿಂಬೆನೀರು ಇಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಸೊಂಟ ಸಣ್ಣಗಾಗುತ್ತದೆ ಎಂದಿದ್ದಳು. ನನಗೆ ಸೊಂಟದ ಚಿಂತೆ ಮೊದಲಿಂದಲೂ ಇತ್ತು. ಅಟ್ಟದಿಂದ ಚೊಂಬು ಇಳಿಸಿದೆ. ಒಳಗೆ ಹಸಿರು ಕಿಲುಬು ಹಿಡಿದಿತ್ತು. ಅದೇ ವಾರ ನಾಗಮಂಗಲದಿಂದ ಮೊಪೆಡ್ಡಿನಲ್ಲಿ ಕಲಾಯಿಯ ಸತ್ತಾರ್ ಸಾಬರು ಬಂದಿದ್ದರು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ಒಳಗೆ ತವರ ಬಳಿಯುವ ಕೆಲಸ ಅವರದು. ಬಳಿದು ಕೊಟ್ಟರು. ಚೊಂಬಿನ ಒಳಮೈ ಬೆಳ್ಳಿಯ ಹಾಗೆ ಹೊಳೆಯಿತು. ಎಂಟು ತಿಂಗಳು, ಒಂದು ದಿನವೂ ತಪ್ಪದೆ, ನಿಂಬೆನೀರು ಕುಡಿದೆ. ನಮ್ಮ ಮನೆಯವರಿಗೂ ಕೊಡಲು ಹೋಗಿದ್ದೆ. "ಬೆಳಿಗ್ಗೆ ಎದ್ದು ಹುಳಿ ನೀರು ಕುಡಿಯಾಕೆ ನಾನೇನ್ ಬಸುರಿನಾ?" ಎಂದು ಕಾಫಿ ಕೇಳಿದ್ದರು. ಅತ್ತೆಗಂತೂ ಕಾಫಿ ಬಿಟ್ಟರೆ ಬೇರೆ ಬೆಳಗೇ ಇಲ್ಲ.

ಚೊಂಬನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೈಸೂರಿಗೆ ಒಯ್ದೆವು. ಲ್ಯಾಬಿನವರು ನಿಂಬೆರಸ ಹಾಕಿಟ್ಟು ನೋಡಿದರು. ಬಳಿದಿದ್ದು ತವರವಲ್ಲ. ಅರ್ಧಕ್ಕೂ ಮೀರಿ ಸೀಸ. ಹುಳಿ ಬಿದ್ದರೆ ಸೀಸ ಕರಗುತ್ತದೆ. ನಾನು ಸೊಂಟಕ್ಕೆಂದು ಕುಡಿದದ್ದು ಕಣ್ಣಿಗೆ ಇಳಿದಿತ್ತು.

"ತವರಿನ ಚೊಂಬಿಗೆ ತವರ ಹಾಕಿಸ್ತೀನಿ ಅಂತ ಸೀಸ ಹಾಕಿಸ್ಕಂಡವ್ಳೆ" ಎಂದು ನಮ್ಮ ಮನೆಯವರು ವಾರ್ಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಹೆದರಿಕೆಯಾದಾಗ ಅವರು ತಮಾಷೆ ಮಾಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟಾದರೂ ನನಗೆ ಗೊತ್ತು.

ಅಡ್ಮಿಟ್ ಮಾಡಿಕೊಂಡರು. ಐದು ದಿನ ಡ್ರಿಪ್. ಔಷಧಿಯ ಹೆಸರು ಕ್ಯಾಲ್ಸಿಯಂ ಇಡಿಟಿಎ. ಅದೇ ಥರದ ಹೆಸರಿನ ಇನ್ನೊಂದು ಔಷಧಿ ಇದೆಯಂತೆ. ತಪ್ಪಿ ಅದನ್ನು ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಇಳಿದು ಜೀವಕ್ಕೇ ಅಪಾಯ. ಆದ್ದರಿಂದ ಪ್ರತಿ ಸಲವೂ ಇಬ್ಬರು ನರ್ಸುಗಳು ಬಾಟಲಿಯ ಮೇಲಿನ ಹೆಸರನ್ನು ಜೋರಾಗಿ ಓದುತ್ತಿದ್ದರು. ನನಗೆ ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ ಅವರ ದನಿ ಕೇಳುವುದೇ ಒಂದು ಧೈರ್ಯ. ಮೂರನೆಯ ದಿನ ನಾನೂ ಅವರ ಜೊತೆ ಸೇರಿ ಹೇಳತೊಡಗಿದೆ. ಕಿಡ್ನಿಗೆ ಪೆಟ್ಟಾಗಬಾರದು ಎಂದು ಲೀಟರುಗಟ್ಟಲೆ ನೀರು ಕುಡಿಸಿದರು. ಕುಡಿದದ್ದನ್ನು ಅಳೆದರು, ಹೊರಗೆ ಹೋದದ್ದನ್ನೂ ಅಳೆದರು. ಹನ್ನೊಂದು ವರ್ಷ ಊರಿನ ಹಾಲನ್ನೆಲ್ಲ ಅಳೆದವಳು ನಾನು. ಈಗ ನನ್ನದನ್ನು ಅಳೆಯುತ್ತಿದ್ದರು.

ಮನೆಗೆ ಬಂದ ಮೇಲೆ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ತರಬೇಕಿತ್ತು. ಐದು ಲೀಟರಿನ ಬಿಳಿ ಕ್ಯಾನು. ನಮ್ಮ ಮನೆಯವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಪಾಂಡವಪುರದಲ್ಲಿ ಹತ್ತಿದ ಒಬ್ಬರು ಪಕ್ಕದಲ್ಲಿ ಕೂತು ಬಹಳ ಹೊತ್ತು ಕ್ಯಾನನ್ನೇ ನೋಡಿದರು.

"ಹರಳೆಣ್ಣೆಯಾ?"

"ಅಲ್ಲ."

"ಜೇನುತುಪ್ಪಾನಾ?"

"ಅಲ್ಲ ಕಣಣ್ಣ. ನಮ್ ಮನೆಯವಳ್ದು."

ಅವರು ಎದ್ದು ಹಿಂದಿನ ಸೀಟಿಗೆ ಹೋದರು. ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೂ ನಾನು ಸೆರಗು ಬಾಯಿಗೆ ತುರುಕಿಕೊಂಡೇ ಕೂತಿದ್ದೆ.

ಆ ವಾರದ ರಕ್ತದಲ್ಲಿ ಸೀಸ ಅರ್ಧಕ್ಕೆ ಇಳಿದಿತ್ತು. ನಾವು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಮೂರು ವಾರ ಕಳೆದು ಮತ್ತೆ ನೋಡಿದರು.

ಏರಿತ್ತು.

ಅವತ್ತು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟೂ ದಿನ ಅತ್ತಿರಲಿಲ್ಲ. ಮೂಳೆಯೊಳಗೆ ಅಡಗಿರುವ ಸೀಸ ನಿಧಾನವಾಗಿ ರಕ್ತಕ್ಕೆ ಇಳಿದು ಬರುತ್ತದೆ, ಹೀಗಾಗುತ್ತದೆಂದು ನಮಗೆ ಮೊದಲೇ ಗೊತ್ತಿತ್ತು ಎಂದು ಡಾಕ್ಟರ್ ಸಮಾಧಾನ ಹೇಳಿದರು. ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲವಲ್ಲ ಎಂದು ಹೇಳಬೇಕೆನಿಸಿತು. ಕಣ್ಣು ಇನ್ನೂ ಹಾಗೇ ಇತ್ತು. ನಟ್ಟನಡುವೆ ಹೊಗೆ. ಕಣ್ಣಿನ ಮೇಡಂ ಕೂಡ ಮಾತು ಕೊಟ್ಟಿರಲಿಲ್ಲ. ಸೀಸ ತೆಗೆಯಬಹುದು, ನರ ಎಷ್ಟು ಚೇತರಿಸಿಕೊಳ್ಳುತ್ತದೆ ಎಂದು ಹೇಳಲಾಗದು ಎಂದಿದ್ದರು. ಡೈರಿಯಲ್ಲಿ ನನ್ನ ಜಾಗಕ್ಕೆ ಸೆಕ್ರೆಟರಿಯೇ ಕೂತು ಅಳೆಯುತ್ತಿದ್ದರು. ಅಳತೆಯ ಕೆಲಸ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ ಎಂದು ಅವತ್ತು ಬಸ್ಸಿನಲ್ಲಿ ಲೆಕ್ಕ ಹಾಕಿದೆ.

ಎರಡನೆಯ ಸುತ್ತಿಗೆ ಡಿಎಂಎಸ್‌ಎ ಎಂಬ ಕ್ಯಾಪ್ಸೂಲ್ ಕೊಟ್ಟರು. ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಮೈ ಬೆವರಿದರೂ ಅದೇ. ನಮ್ಮ ಹಸು ನನ್ನನ್ನು ಮೂಸಿ ಮುಖ ತಿರುಗಿಸಿತು. ಅತ್ತೆ ಮಾತ್ರ ಪಕ್ಕದಲ್ಲೇ ಮಲಗುತ್ತಿದ್ದರು. "ನಂಗೆ ಮೂಗೇ ಇಲ್ಲ ಮಲಿಕ್ಕೊ" ಎನ್ನುತ್ತಿದ್ದರು. ಸುಳ್ಳು. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಮೊದಲು ಗೊತ್ತಾಗುವುದು ಅವರ ಮೂಗಿಗೇ.

ಈ ನಡುವೆ ನಾಗಮಂಗಲಕ್ಕೆ ಹೋದೆವು. ನಮ್ಮ ಮನೆಯವರು ಸತ್ತಾರ್ ಸಾಬರನ್ನು ಹಿಡಿದು ಬೈಯಬೇಕೆಂದು ಹೊರಟವರು. ಬಸ್ಸಿನ ಉದ್ದಕ್ಕೂ ಏನೇನು ಅನ್ನಬೇಕೆಂದು ನನ್ನೆದುರು ಹೇಳಿ ನೋಡಿದ್ದರು. ನಾನು ಜಗಳ ಬೇಡವೆಂದೇ ಜೊತೆಗೆ ಹೋದದ್ದು.

ಸಾಬರು ಮನೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಅರವತ್ತು ದಾಟಿದವರು. ನಾವು ಹತ್ತಿರ ಹೋಗಿ ನಿಂತರೂ ಯಾರೆಂದು ಗೊತ್ತಾಗದೆ ತಲೆ ಓರೆ ಮಾಡಿ ನೋಡಿದರು. ಆ ಓರೆ ನೋಟ ನನಗೆ ಗೊತ್ತಿತ್ತು. ನಟ್ಟನಡುವೆ ಕಾಣದವರು ಪಕ್ಕದಿಂದ ನೋಡುವ ನೋಟ ಅದು. ಚಹಾ ಲೋಟ ಹಿಡಿದಿದ್ದ ಬಲಗೈಯ ಮಣಿಕಟ್ಟು ಜೋತು ಬಿದ್ದಿತ್ತು.

ನಮ್ಮ ಮನೆಯವರ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ನಾನೇ ಹೇಳಿದೆ. ಚೊಂಬು, ನಿಂಬೆನೀರು, ಕಣ್ಣು, ಎಲ್ಲ. ಸಾಬರು ಲೋಟ ಕೆಳಗಿಟ್ಟರು. "ಯಾ ಅಲ್ಲಾ" ಎಂದರು. ಆಮೇಲೆ ಒಳಗಿನಿಂದ ತವರದ ಕಡ್ಡಿಗಳ ಕಟ್ಟು ತರಿಸಿದರು. "ಎರಡು ವರ್ಸದಿಂದ ಹೊಸಾ ಅಂಗ್ಡಿಯಿಂದ ತರ್ತಾ ಇವ್ನಿ ಅಮ್ಮಾ. ಹೊಳಪು ವಸಿ ಕಮ್ಮಿ ಅನ್ನಿಸ್ತಿತ್ತು. ಕಣ್ಣು ಮಂಜಾಗಿತ್ತಲ್ಲ, ನನ್ ಕಣ್ಣಿಂದೇ ದೋಸ ಅಂದ್ಕೊಂಡೆ. ನಲ್ವತ್ತು ವರ್ಸ ಈ ಕೆಲ್ಸ ಮಾಡ್ದೋನು, ಸೀಸ ಬಳ್ದೆನಾ ನಾನು?"

"ನೀವ್ ಬೇಕೂಂತ ಮಾಡಿದ್ದಲ್ಲ ಬುಡಿ ಸಾಬ್ರೇ" ಎಂದರು ನಮ್ಮ ಮನೆಯವರು. ಬೈಯಲು ಬಂದವರು ಅವರೇ.

"ನೀವೂ ರಕ್ತ ತೋರ್ಸಿ" ಎಂದೆ. "ಆ ಹೊಗೆ ಕುಡ್ದೋರು ನೀವು. ನಂಗಿಂತ ನಿಮ್ಗೇ ಜಾಸ್ತಿ ಹೋಗಿರ್ತದೆ. ನಮ್ ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ."

"ಅದಾಮೇಲೆ ಅಮ್ಮಾ. ಮೊದ್ಲು ನಾನ್ ಕಲಾಯಿ ಹಾಕಿರೋ ಪಾತ್ರೆ ಎಲ್ಲೆಲ್ಲದೋ ಅಲ್ಲಿಗೆ ಹೋಗ್ಬೇಕು."

ಹೋದರು. ಈಗ ಮೊಪೆಡ್ ಓಡಿಸುವಷ್ಟು ಕಣ್ಣು ಉಳಿದಿರಲಿಲ್ಲ. ನಮ್ಮ ಮನೆಯವರೇ ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಸಂತೆಬಾಚಹಳ್ಳಿಯ ಸಂತೆ, ಸುತ್ತಲಿನ ಊರುಗಳು, ಎಲ್ಲ ಕಡೆ ತಿರುಗಿಸಿದರು. ಸಾಬರು ಪ್ರತಿ ಬಾಗಿಲಲ್ಲೂ ನಿಂತು, "ನಾನ್ ಹಾಕಿರೋ ಕಲಾಯಿ ಸರಿ ಇಲ್ಲ ಅವ್ವಾ, ಆ ಪಾತ್ರೇಲಿ ಹುಳಿ ಮಾಡ್ಬೇಡಿ" ಎಂದು ತಮ್ಮ ಬಾಯಿಂದಲೇ ಹೇಳಿದರು. ನಲವತ್ತು ವರ್ಷದ ಹೆಸರು ಇಟ್ಟುಕೊಂಡವರು ಹಾಗೆ ಹೇಳುವುದು ಸುಲಭವಲ್ಲ. ನಮ್ಮೂರಿನಲ್ಲಿ ಡೈರಿಯ ಸಾಲಿನ ಮುಂದೆ ನಿಂತೂ ಹಾಗೇ ಹೇಳಿದರು. ಮೊದಲು ಮನೆಗೆ ಹೋಗಿ ಎರಡು ಪಾತ್ರೆ ತಂದು ಅವರ ಮುಂದಿಟ್ಟವಳು ನಿಂಗಮ್ಮ. "ಇವ್ನ ಕೆರ್ದು ಒಳ್ಳೇ ತವರ ಹಾಕ್ಕೊಡಿ ಸಾಬ್ರೇ. ಬೇರೆಯೋರ್ಗೆ ಕೊಡಾಕಿಲ್ಲ ನಾನು" ಎಂದಳು.

ಕಲಾಯಿಯಲ್ಲಿ ತಪ್ಪಿಲ್ಲ ಎಂದು ಡಾಕ್ಟರ್ ನನಗೆ ಎರಡು ಸಲ ಹೇಳಿ ಕಳಿಸಿದ್ದರು. ಶುದ್ಧ ತವರವಾದರೆ ಹೆದರಬೇಕಾಗಿಲ್ಲ. ಅದನ್ನು ಊರಿಗೆಲ್ಲ ನಾನೂ ಹೇಳಿದೆ.

ಇನ್ನು ನನ್ನ ಕಣ್ಣಿನ ವಿಷಯ. ಎರಡನೆಯ ಸುತ್ತಿನ ಕ್ಯಾಪ್ಸೂಲ್ ಮುಗಿದು ಹತ್ತು ದಿನವಾಗಿತ್ತೇನೋ. ಬೂಕನಕೆರೆಯ ಬಸ್‌ಸ್ಟಾಪಿನಲ್ಲಿ ನಾವಿಬ್ಬರೂ ನಿಂತಿದ್ದೆವು. ದೂರದಲ್ಲಿ ಬಸ್ಸು ತಿರುಗಿ ಬಂತು.

ಕೆಂಪಗಿತ್ತು.

ಕಂದಲ್ಲ. ಕಾಚಿನ ಬಣ್ಣವಲ್ಲ. ಕೆಂಪು. ನಾನು ನಮ್ಮ ಮನೆಯವರ ಭುಜಕ್ಕೆ ಗುದ್ದಿ, "ಬಸ್ಸು ಕೆಂಪಗದೆ! ಬಸ್ಸು ಕೆಂಪಗದೆ!" ಎಂದು ಕೂಗಿದೆ. ಬಸ್ಸು ಬಂದು ನಿಂತಿತು. ನಾವು ಹತ್ತಲಿಲ್ಲ. ನೋಡುತ್ತಾ ನಿಂತುಬಿಟ್ಟೆವು. ಕಂಡಕ್ಟರ್ ಬೈದುಕೊಂಡು ರೈಟ್ ಎಂದರು. ಮುಂದಿನ ಬಸ್ಸಿಗೆ ಒಂದು ಗಂಟೆ ಕಾಯಬೇಕಾಯಿತು. ಅದೂ ಕೆಂಪಗೇ ಇತ್ತು.

ಮತ್ತೊಂದು ಸುತ್ತು ಕ್ಯಾಪ್ಸೂಲ್ ಆಯಿತು. ಅಕ್ಷರಗಳು ನಿಧಾನವಾಗಿ ಬಂದವು. ಮೊದಲು ಅಂಗಡಿಯ ಬೋರ್ಡು, ಆಮೇಲೆ ಕ್ಯಾಲೆಂಡರ್, ಕೊನೆಗೆ ಲ್ಯಾಕ್ಟೋಮೀಟರಿನ ಕಡ್ಡಿ. ನಾನು ಡೈರಿಗೆ ವಾಪಸಾಗಿದ್ದೇನೆ. ಮೊದಲ ವಾರ ನನ್ನ ಓದನ್ನು ಸೆಕ್ರೆಟರಿ ಪಕ್ಕದಲ್ಲಿ ನಿಂತು ಮತ್ತೊಮ್ಮೆ ನೋಡುತ್ತಿದ್ದರು. ನಾನೇ ಹಾಗೆ ಕೇಳಿಕೊಂಡಿದ್ದೆ. ಎರಡನೆಯ ವಾರ ಅವರೇ ಬರುವುದನ್ನು ಬಿಟ್ಟರು.

ಎಲ್ಲ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಡಗಣ್ಣಿನ ನಡುವೆ ಅಕ್ಕಿಕಾಳಿನಷ್ಟು ಮಸುಕು ಉಳಿದಿದೆ. ಅದು ಹೋಗುವುದಿಲ್ಲ, ಹೆಚ್ಚಾಗುವುದೂ ಇಲ್ಲ ಎಂದು ಮೇಡಂ ಹೇಳಿದ್ದಾರೆ. ಆರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಸಂಜೆಯ ಹೊತ್ತು ಕಣ್ಣು ಬೇಗ ದಣಿಯುತ್ತದೆ. ಸೊಂಟ ಇದ್ದಷ್ಟೇ ಇದೆ. ಇಷ್ಟಕ್ಕೆ ಒಪ್ಪಿಕೊಂಡಿದ್ದೇನೆ. ಅವಸರದ ಡಾಕ್ಟರ್ ಟಾರ್ಚ್ ಹಾಕಿ ವಸಡು ನೋಡದಿದ್ದರೆ, ಅತ್ತೆ ಅವರೆಕಾಯಿ ಸುಲಿಯುತ್ತಾ ಆ ಮಾತು ಹೇಳದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಸಾಬರ ರಕ್ತದಲ್ಲಿ ಸೀಸ ನನಗಿಂತ ಹೆಚ್ಚಿತ್ತು. ಅವರಿಗೂ ಡ್ರಿಪ್ ಆಯಿತು, ಕ್ಯಾಪ್ಸೂಲ್ ಆಯಿತು. ಮಣಿಕಟ್ಟು ಮೇಲೆದ್ದಿದೆ. ಕಣ್ಣಿಗೆ ಸೀಸದ ತೊಂದರೆಯ ಜೊತೆಗೆ ಪೊರೆಯೂ ಬೆಳೆದಿತ್ತಂತೆ. ಅದನ್ನು ತೆಗೆದು ಲೆನ್ಸ್ ಹಾಕಿದರು. ಕಳೆದ ತಿಂಗಳು ಇಬ್ಬರದೂ ಒಂದೇ ದಿನ ತಪಾಸಣೆ ಇತ್ತು. ನಾನು ಬೆಂಚಿನ ಮೇಲೆ ಕೂತಿದ್ದೆ. ಸಾಬರು ಕೋಣೆಯಿಂದ ಹೊರಗೆ ಬಂದು, ಕಪ್ಪು ಕನ್ನಡಕ ತೆಗೆದು, ತಲೆ ಓರೆ ಮಾಡದೆ ನೆಟ್ಟಗೆ ನನ್ನನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಏನ್ ಸಾಬ್ರೇ, ಕಾಣ್ತದಾ?" ಎಂದೆ.

"ಚೆನ್ನಾಗ್ ಕಾಣ್ತದೆ ಅಮ್ಮಾ" ಎಂದರು. ಬಹಳ ಮರ್ಯಾದೆಯಿಂದ ಸೇರಿಸಿದರು: "ಇಷ್ಟು ದಿನ ಮಂಜು ಮಂಜಾಗಿ ಕಾಣ್ತಿದ್ರಿ. ನೀವು ಇನ್ನೂ ವಸಿ ಚಿಕ್ ವಯಸ್ನೋರು ಅಂದ್ಕೊಂಡಿದ್ದೆ."

ನಮ್ಮ ಮನೆಯವರು ನಗಲು ಶುರು ಮಾಡಿದವರು ಪಾಂಡವಪುರ ಬಂದರೂ ನಿಲ್ಲಿಸಲಿಲ್ಲ.